ಸೊಲ್ಲಾಪುರ ಸೀಮೆಯ ದೀರ್ಘವ್ಯಾಧಿಗಳು: ಬಾರ್ಶಿಯ ಅನುಭವ, ಅಕ್ಕಲಕೋಟೆಯ ಅಗತ್ಯ

ಅಧಿಕ ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಅರ್ಬುದ ಮೊದಲಾದ ಅಸಾಂಕ್ರಾಮಿಕ ವ್ಯಾಧಿಗಳು ಸಿರಿವಂತರ ಭೋಗಜೀವನದ ಫಲವೆಂಬ ಭಾವನೆ ವಿದ್ಯಾವಂತರಲ್ಲಿಯೂ ಬಹುಕಾಲ ನೆಲೆಯೂರಿದ್ದಿತಾದರೂ, ಸೊಲ್ಲಾಪುರದ ಬೀಡಿ ಕಟ್ಟುವ ಹೆಂಗಸರ ದುಡಿಮೆಯನ್ನು ಸಮೀಪದಿಂದ ಕಂಡವರು ಅದನ್ನು ಒಪ್ಪಲಾರರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ನೆನೆದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಸಾವಿರಕ್ಕಿಷ್ಟೆಂಬ ಕೂಲಿಗಾಗಿ ಕುಳಿತಿರುವವಳ ದೇಹವನ್ನು ತಂಬಾಕಿನ ಧೂಳು ಉಸಿರಿನೊಡನೆಯೂ ನಿಕೋಟಿನ್ ಚರ್ಮದ ಮೂಲಕವೂ ಸೇರುತ್ತವೆ. ಇಂತಹ ಕಾರ್ಮಿಕ ಸ್ತ್ರೀಯರಿಗಾಗಿಯೇ ಸೊಲ್ಲಾಪುರದ ಬಳಿಯ ಕುಂಭಾರಿಯಲ್ಲಿ 10,000 ಮನೆಗಳ ಬಡಾವಣೆ ನಿರ್ಮಾಣವಾದುದರಿಂದ ಈ ಉದ್ಯೋಗದ ವ್ಯಾಪ್ತಿಯನ್ನು ಊಹಿಸಬಹುದು. ಇನ್ನು ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯೋ, ಬೀಡಿಯನ್ನು ಎಂದೂ ಸೇದದ ಗೃಹಿಣಿಯನ್ನೂ ತಂಬಾಕಿಗೆ ಅಧೀನಳನ್ನಾಗಿ ಮಾಡುತ್ತದೆ. ಆಕೆಯ ಎಣಿಕೆಯಲ್ಲಿ ಅದು ವ್ಯಸನವಲ್ಲ, ದಂತಶುದ್ಧಿ.

ಇದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಪ್ರಥಮ ಗ್ರಾಮೀಣ ಅರ್ಬುದ ನೋಂದಣಿ ಕೇಂದ್ರವು ಸ್ಥಾಪಿತವಾಯಿತು. ನಗರದ ನೋಂದಣಿಕಾರನು ಆಸ್ಪತ್ರೆಯ ದಫ್ತರಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕಾಗುತ್ತಿದ್ದಿತು. ಇಲ್ಲಿಯಾದರೋ, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಸಾಯುವವರನ್ನು ಲೆಕ್ಕಕ್ಕೆ ತರಬೇಕಾಗಿದ್ದುದರಿಂದ, ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ಜನರನ್ನು ಕೂಡಿಸಿ, ರೋಗದ ಪೂರ್ವಲಕ್ಷಣಗಳನ್ನು ವಿವರಿಸಿ, ಸಂಶಯವುಳ್ಳವರನ್ನು ಪರೀಕ್ಷೆಗೆ ಒಡಂಬಡಿಸಬೇಕಾಯಿತು. ಎಣಿಸಲು ಹೊರಟ ಈ ತಿರುಗಾಟವೇ ಚಿಕಿತ್ಸೆಗೂ ಸಹಾಯಕವಾಗಿ, ಗರ್ಭಕಂಠದ ಅರ್ಬುದವುಳ್ಳ ಸ್ತ್ರೀಯರು ಮೊದಲಿಗಿಂತ ಬೇಗನೆ, ರೋಗವು ಇನ್ನೂ ಗುಣಸಾಧ್ಯವಾಗಿರುವಾಗಲೇ, ವೈದ್ಯರೆದುರಿಗೆ ಬರತೊಡಗಿದುದು ನನ್ನ ದೃಷ್ಟಿಯಲ್ಲಿ ಆ ಕೇಂದ್ರದ ಪರಮ ಸಾಧನೆ.

ಆ ಅರ್ಬುದಕ್ಕೆ ಮೂಲವು ಸಾಂಕ್ರಾಮಿಕ ವೈರಾಣುವೇ ಆದರೂ, ಅದು ವರ್ಷಾನುವರ್ಷ ಗುಪ್ತವಾಗಿ ಬೆಳೆಯುವುದರಿಂದ ನಿವಾರಣೆಗೆ ದೀರ್ಘಾವಕಾಶವಿದೆ. ಆಗ ಉಸ್ಮಾನಾಬಾದ್ ಎನಿಸಿದ್ದ ನೆರೆಯ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನೊಳಗೊಂಡು ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಸಲ ವೈರಾಣು ಪರೀಕ್ಷೆಯ ಅವಕಾಶ ಪಡೆದ ಗುಂಪಿನಲ್ಲಿ ಈ ರೋಗದಿಂದ ಮೃತರಾದವರು 34 ಮಂದಿ. ಅಂತಹ ವ್ಯವಸ್ಥೆಯಿಲ್ಲದ ಗುಂಪಿನಲ್ಲಿ 64 ಮಂದಿ.

ಬಾರ್ಶಿಯ ಈ ಅನುಭವವನ್ನು ಸೊಲ್ಲಾಪುರ ಜಿಲ್ಲೆಯದೇ ಆದ ಅಕ್ಕಲಕೋಟೆಗೆ ಒಯ್ಯುವಾಗ ಭಾಷೆಯನ್ನೂ ಗಮನಿಸಬೇಕು. ಆ ತಾಲೂಕಿನ ಅನೇಕ ಗ್ರಾಮಗಳಲ್ಲಿ ಮನೆಮಾತು ಕನ್ನಡ, ಸರಕಾರದ ವ್ಯವಹಾರಭಾಷೆ ಮರಾಠಿ. ನೋವಿಲ್ಲದ ರಕ್ತಸ್ರಾವವನ್ನೂ ಬಾಯೊಳಗಿನ ಬಿಳಿಯ ಮಚ್ಚೆಯನ್ನೂ ಕುರಿತು ಅಲ್ಲಿಯ ಹೆಂಗಸು ಅತ್ತೆ, ಓರಗಿತ್ತಿಯರೊಡನೆ ಯಾವ ನುಡಿಯಲ್ಲಿ ಮೆಲ್ಲಗೆ ಹೇಳಿಕೊಳ್ಳುವಳೋ ಆ ನುಡಿಯಲ್ಲಿಯೇ ಆಕೆಯನ್ನು ವಿಚಾರಿಸುವ ಆರೋಗ್ಯ ಸೇವಕಿಯರು ಅಲ್ಲಿ ಇರತಕ್ಕದ್ದು. ರಕ್ತದೊತ್ತಡವನ್ನು ಅಳೆಯುವಾಗ 'ತಂಬಾಕು ತಿನ್ನುತ್ತೀರಾ' ಎಂದಷ್ಟೇ ಕೇಳದೆ, 'ಮಿಶ್ರಿ ಹಚ್ಚತೀರೇನ್ರೀ ಅಕ್ಕಾರ?' ಎಂದು ಪ್ರತ್ಯೇಕವಾಗಿ ಕೇಳತಕ್ಕದ್ದು.