ಇಕ್ಕೇರಿಯಲ್ಲಿ ನಡೆದ ಒಂದು ಸಂಭಾಷಣೆ

ಹೊನ್ನೆಮರಡಿನ ದಡದಲ್ಲಿ ನಿಂತವರಿಗೆ ಇಂದು ಕಾಣುವುದು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. 1964ರಲ್ಲಿ ಆ ಅಣೆಕಟ್ಟು ಪೂರ್ಣಗೊಳ್ಳುವುದಕ್ಕೆ ಸುಮಾರು 340 ವರ್ಷಗಳ ಹಿಂದೆ, 1623ರಲ್ಲಿ, ರೋಮ್ ನಗರದ ಕುಲೀನನೊಬ್ಬನು ಹೊನ್ನಾವರದಿಂದ ಶರಾವತಿಯ ಮೇಲೆ ಗೇರುಸೊಪ್ಪೆಗೆ ಬಂದು, ಘಟ್ಟವನ್ನೇರಿ, ಸಾಗರದ ಮಾರ್ಗವಾಗಿ ಇಕ್ಕೇರಿಯನ್ನು ತಲುಪಿದನು. ಅವನೇ ಪಿಯೆತ್ರೊ ದೆಲ್ಲಾ ವಾಲ್ಲೆ. ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಸಂಗಡ ಅವನು ಬಂದಿದ್ದನು. ರಾಯಭಾರದ ರಾಜಕಾರಣವನ್ನು ಇತಿಹಾಸಕಾರರು ಸಾಕಷ್ಟು ಚರ್ಚಿಸಿದ್ದಾರೆ. ಕ್ರೈಸ್ತ ಸಭೆಯ ಸೇವಕರಾದ ನಮಗೆ ಅವನ ಪತ್ರಗಳಲ್ಲಿ ಬೇರೊಂದು ಪಾಠವಿದೆ.

ಘಟ್ಟದ ಮೇಲೆ ಒಂದು ದೇವಾಲಯದ ಜಗಲಿಯಲ್ಲಿ ಕೆಲವು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಲೆಕ್ಕ ಹೇಳುತ್ತಿದ್ದರು. ದೆಲ್ಲಾ ವಾಲ್ಲೆ ಅಲ್ಲಿ ನಿಂತು ವಿಚಾರಿಸಿದನು. ಗುರುವಿಲ್ಲದೆಯೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ಆ ಕ್ರಮವನ್ನು ಮೆಚ್ಚಿ ಬರೆದಿಟ್ಟನು. ಸಗಣಿಯಿಂದ ನೆಲ ಸಾರಿಸುವುದನ್ನು ಕಂಡಾಗಲೂ ಅವನು ಮೂಗು ಮುರಿಯಲಿಲ್ಲ. ಇಟಲಿಗೆ ಹಿಂದಿರುಗಿದ ಮೇಲೆ ಅದನ್ನು ತಾನೂ ಪ್ರಯತ್ನಿಸಬೇಕೆಂದುಕೊಂಡನು!

ಇಕ್ಕೇರಿಯಲ್ಲಿ ಅವನಿಗೆ ಎದುರಾದದ್ದು ಇದಕ್ಕಿಂತ ಬಹಳ ಕಠಿಣವಾದ ಸಂದರ್ಭ. ನಗಾರಿ ಬಾರಿಸುವವನೊಬ್ಬನ ವಿಧವೆ ಸಹಗಮನಕ್ಕೆ ನಿಶ್ಚಯಿಸಿದ್ದಳು. ಅವನು ಆಕೆಯ ಮನೆಗೇ ಹೋದನು. ದುಭಾಷಿಯ ಮೂಲಕ ಹೆಸರನ್ನು ಕೇಳಿದನು. ಅವನು ಬರೆದುಕೊಂಡ ರೂಪವನ್ನು ನೋಡಿದರೆ ಅದು ಜಕ್ಕಮ್ಮ ಎಂದಿರಬೇಕು. ಬಲವಂತವೇನಾದರೂ ಇದೆಯೇ ಎಂದು ವಿಚಾರಿಸಿದನು. ಗಂಡನ ಉಳಿದ ಇಬ್ಬರು ಹೆಂಡಿರು ಮಕ್ಕಳಿರುವ ಕಾರಣ ಹೇಳಿ ಹಿಂದೆ ಸರಿದಿರುವಾಗ, ಪುಟ್ಟ ಮಕ್ಕಳ ತಾಯಿಯಾದ ನೀನೇಕೆ ಹೀಗೆ ಮಾಡುವೆ ಎಂದನು. ಮಕ್ಕಳನ್ನು ಬಂಧುವೊಬ್ಬರು ನೋಡಿಕೊಳ್ಳುವರು, ಇದು ತನ್ನ ಸ್ವಂತ ಇಚ್ಛೆ ಎಂದು ಆಕೆ ಉತ್ತರಿಸಿದಳು. ಅವನ ಮಾತಿನಿಂದ ಆಕೆಯ ಮನಸ್ಸು ಬದಲಾಗಲಿಲ್ಲ.

ಇವನನ್ನು ಸಂತನನ್ನಾಗಿ ಮಾಡಬೇಕಾಗಿಲ್ಲ. ಅದೇ ಪತ್ರಗಳಲ್ಲಿ ಈ ನಾಡಿನ ಪೂಜಾಮೂರ್ತಿಗಳ ಬಗೆಗೆ ಅವನ ಕಾಲದ ಯುರೋಪಿನ ತಿರಸ್ಕಾರವೂ ಸಾಕಷ್ಟಿದೆ. ಆದರೂ ತನಗೆ ಅಸಹ್ಯವೆನಿಸಿದ ಆಚಾರವನ್ನು ದೂರದಿಂದ ಖಂಡಿಸಿ ಸುಮ್ಮನಾಗದೆ, ಆ ಆಚಾರಕ್ಕೆ ಬಲಿಯಾಗಲಿದ್ದವಳ ಬಾಗಿಲಿಗೆ ಅವನು ಹೋದನು. ಸಮಾರ್ಯದ ಬಾವಿಯ ಬಳಿ ಕರ್ತನೂ ಬೋಧನೆಯಿಂದ ಆರಂಭಿಸಲಿಲ್ಲ, ಕುಡಿಯಲು ನೀರು ಕೇಳಿದನು. ಮನೆಭೇಟಿಯ ನಮ್ಮ ಪದ್ಧತಿಯಲ್ಲಿ ವಾಕ್ಯ ಓದಿ, ಪ್ರಾರ್ಥಿಸಿ, ಎದ್ದುಬರುವ ಅವಸರವೇ ಹೆಚ್ಚು. ಕೇಳುವುದಕ್ಕೆ ನಾವು ಎಷ್ಟು ಹೊತ್ತು ಕುಳಿತಿರುತ್ತೇವೆ? ತಿಳಿದುಕೊಳ್ಳುವುದು ಒಪ್ಪಿಕೊಳ್ಳುವುದಲ್ಲ, ದೆಲ್ಲಾ ವಾಲ್ಲೆ ಜಕ್ಕಮ್ಮನ ನಿರ್ಧಾರವನ್ನು ಕೊನೆಯವರೆಗೂ ಒಪ್ಪಲಿಲ್ಲ. ಆಕೆಯ ಕಥೆ ಲೋಕಕ್ಕೆ ತಿಳಿಯುವಂತೆ ಮಾಡಿದವನೂ ಅವನೇ.

ಅವನಿಗೆ ಈ ತಾಳ್ಮೆ ಎಲ್ಲಿಂದ ಬಂತು? ಅವನೇ ಹೇಳಿಲ್ಲವಾದರೂ ಒಂದು ಸಂಗತಿಯನ್ನು ಮರೆಯಲಾಗದು. ಬಾಗ್ದಾದಿನಲ್ಲಿ ಅವನ ಕೈಹಿಡಿದಿದ್ದ ಕ್ರೈಸ್ತ ಪತ್ನಿ ಮಾನಿ, 1621ರ ಕೊನೆಯಲ್ಲಿ ಪರ್ಷಿಯಾದ ಕರಾವಳಿಯಲ್ಲಿ ತೀರಿಕೊಂಡಿದ್ದಳು. ಆಕೆಯ ದೇಹವನ್ನು ಅಲ್ಲಿ ಮಣ್ಣು ಮಾಡಲು ಮನಸ್ಸೊಪ್ಪದೆ, ಸುಗಂಧದ್ರವ್ಯಗಳಿಂದ ಸಂರಕ್ಷಿಸಿ ಭಾರತಕ್ಕೂ ತಂದಿದ್ದನು. ಜಕ್ಕಮ್ಮನ ಎದುರು ನಿಂತಿದ್ದವನು ಸ್ವತಃ ವಿಧುರ. ವರ್ಷಗಳ ನಂತರ ಅವನು ಮಾನಿಯನ್ನು ರೋಮಿನಲ್ಲಿ, ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದನು.