ಕಣ್ಣಿನ ಒತ್ತಡ: ಮದರಾಸಿನ ಆಸ್ಪತ್ರೆಯಿಂದ ನಮ್ಮ ಮನೆಯವರೆಗೆ

ಇಂದು ಆಂಧ್ರದಲ್ಲಿರುವ ರಾಯದುರ್ಗ, ಮಡಕಶಿರಾ ಎರಡೂ ಕನ್ನಡ ಕೇಳಿಸುವ ಗಡಿ ಊರುಗಳು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಬ್ರಿಟಿಷರ ಕಾಲದಲ್ಲಿ ಆ ಊರುಗಳೂ ನಮ್ಮ ಮಂಗಳೂರು, ಉಳ್ಳಾಲ, ಕಾಸರಗೋಡುಗಳೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದವು. ಆ ಪ್ರಾಂತ್ಯದ ಸರಕಾರಿ ಕಣ್ಣಾಸ್ಪತ್ರೆ ಇದ್ದದ್ದು ಮದರಾಸಿನಲ್ಲಿ. 1819ರಲ್ಲಿ ಶುರುವಾದ ಆ ಆಸ್ಪತ್ರೆಗೆ ಗ್ಲಾಕೋಮಾ ಚಿಕಿತ್ಸೆಯ ಚರಿತ್ರೆಯಲ್ಲಿ ದೊಡ್ಡ ಹೆಸರಿದೆ.

ಕಣ್ಣಿನ ಒಳಗೆ ನೀರಿನಂಥ ದ್ರವ ಸದಾ ಹುಟ್ಟುತ್ತದೆ, ಅಂಚಿನ ಸಣ್ಣ ಜಾಲರಿಯ ಮೂಲಕ ಹೊರಗೆ ಹೋಗುತ್ತದೆ. ಪಂಪು ಓಡುತ್ತಿರುವಾಗ ಪೈಪು ಕಟ್ಟಿಕೊಂಡರೆ ಏನಾಗುತ್ತದೋ ಇಲ್ಲೂ ಅದೇ: ಒತ್ತಡ ಏರಿ ಕಣ್ಣಿನ ನರ ಸವೆಯುತ್ತದೆ. ಹೆಚ್ಚಿನವರಿಗೆ ನೋವಿರುವುದಿಲ್ಲ. ಮೊದಲು ಪಕ್ಕದ ನೋಟ ಹೋಗುತ್ತದೆ. ಪೊರೆಯಾದರೆ ಆಪರೇಷನ್ ಮಾಡಿಸಿ ನೋಟ ಪಡೆಯಬಹುದು. ಗ್ಲಾಕೋಮಾದಲ್ಲಿ ಹೋದದ್ದು ಮರಳಿ ಬರುವುದಿಲ್ಲ.

1857ರಲ್ಲಿ ಬರ್ಲಿನ್‌ನ ಫಾನ್ ಗ್ರೇಫೆ ಕಣ್ಣಿನ ಕರಿಪಾಪೆಯ ಸುತ್ತಲ ಪರದೆಯ ಒಂದು ತುಂಡು ತೆಗೆದು ಒತ್ತಡ ಇಳಿಸಿದರು. 1870ರ ದಶಕದಲ್ಲಿ ಪೈಲೋಕಾರ್ಪಿನ್ ಹನಿ ಬಂತು. 1909ರಲ್ಲಿ ಮದರಾಸು ಆಸ್ಪತ್ರೆಯ ರಾಬರ್ಟ್ ಹೆನ್ರಿ ಎಲಿಯಟ್ ಕಣ್ಣಿನ ಬಿಳಿಭಾಗದ ಅಂಚಿನಲ್ಲಿ ಸಣ್ಣ ದುಂಡು ತೂತು ಕೊರೆದು, ದ್ರವ ಮೇಲ್ಪದರದ ಅಡಿಗೆ ಹರಿಯುವಂತೆ ಮಾಡಿದರು. ಈ ವಿಧಾನ ಲೋಕದ ಹಲವು ದೇಶಗಳಿಗೆ ಹೋಯಿತು. ಆದರೆ ತೂತಿನಿಂದ ಸೋಂಕಿನ ಭಯವಿತ್ತು. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್, ಆ ದಾರಿಯ ಮೇಲೆ ಮುಚ್ಚಳದಂತೆ ಒಂದು ಪದರ ಬಿಡುವ ಟ್ರಾಬೆಕ್ಯುಲೆಕ್ಟಮಿಯನ್ನು ತಿಳಿಸಿದರು. ಇಂದೂ ಅದನ್ನು ಮಾಡುತ್ತಾರೆ. 1970ರ ದಶಕದ ಕೊನೆಗೆ ಟಿಮೊಲಾಲ್, 1996ರಲ್ಲಿ ಲ್ಯಾಟನೊಪ್ರೊಸ್ಟ್ ಹನಿಗಳು ಬಂದ ಮೇಲೆ ಬಹಳ ಜನರಿಗೆ ಆಪರೇಷನ್ ಬೇಕಾಗಲಿಲ್ಲ.

ಇನ್ನು ನಮ್ಮ ಮನೆಗಳ ಮಾತು. ಉಪ್ಪನಿಗೋ ಉಮ್ಮನಿಗೋ ಗ್ಲಾಕೋಮಾ ಇದ್ದರೆ ಮಕ್ಕಳಿಗೂ ಅವರ ಒಡಹುಟ್ಟಿದವರಿಗೂ ಬರುವ ಸಂಭವ ಹೆಚ್ಚು. ನಲವತ್ತು ದಾಟಿದವರು ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಬೇಕು. ಒತ್ತಡ ಸಾಮಾನ್ಯವಾಗಿ 10ರಿಂದ 21ರೊಳಗೆ ಇರುತ್ತದೆ. ಅಷ್ಟೇ ಇದ್ದೂ ಕೆಲವರ ನರ ಸವೆಯುತ್ತದೆ. ಕಣ್ಣು ಕೆಂಪಾಯಿತೆಂದು ಮೆಡಿಕಲ್‌ನಿಂದ ಸ್ಟೆರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿದರೂ ಒತ್ತಡ ಏರಬಹುದು.

ರಂಜಾನ್ ತಿಂಗಳಲ್ಲಿ ಉಪವಾಸ ಮುರಿದೀತೆಂದು ಹನಿ ನಿಲ್ಲಿಸುವವರಿದ್ದಾರೆ. ನಾವು ಅನುಸರಿಸುವ ಶಾಫಿ ಮದ್‌ಹಬ್‌ನಲ್ಲಿ ಕಣ್ಣಿಗೆ ಹಾಕಿದ ಔಷಧದಿಂದ ಉಪವಾಸ ಮುರಿಯುವುದಿಲ್ಲ. ಸಂಶಯವಿದ್ದರೆ ಉಸ್ತಾದರನ್ನು ಕೇಳಿ, ಹನಿಯ ಹೊತ್ತು ಬದಲಿಸಬೇಕಿದ್ದರೆ ಡಾಕ್ಟರನ್ನು ಕೇಳಿ. ಹನಿ ಮಾತ್ರ ತಪ್ಪಿಸಬೇಡಿ.