ಬಾಡಿಗೆ ಕೋಣೆಯ ಹಕ್ಕು

ನಾಬೋತನ ದ್ರಾಕ್ಷಿತೋಟದ ಕಥೆ ನಿಮಗೆ ತಿಳಿದದ್ದೇ. ಅರಸ ಅಹಾಬನೇ ಕೇಳಿದರೂ ಪಿತ್ರಾರ್ಜಿತ ಭೂಮಿಯನ್ನು ಕೊಡಲು ಆತ ಒಪ್ಪಲಿಲ್ಲ. ಅದಕ್ಕಾಗಿ ಪ್ರಾಣವನ್ನೇ ತೆತ್ತನು. ಆದರೆ ನಾಬೋತನಿಗೆ ತನ್ನದೆನ್ನಲು ಒಂದು ತೋಟವಾದರೂ ಇತ್ತು. ಬಾಡಿಗೆ ಕೋಣೆಯಲ್ಲಿ ಬಾಳು ಸವೆಸಿದವನಿಗೆ ಆ ನೆಲದ ಮೇಲೆ ಯಾವ ಹಕ್ಕಿದೆ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಒಂದು ಬಡಾವಣೆಯನ್ನು ಈ ಪ್ರಶ್ನೆ ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಕಾಡಿತು.

ಅಲ್ಲಿನ ಕರ್ನಿ ಬೀದಿಯಲ್ಲಿ 'ಇಂಟರ್‌ನ್ಯಾಷನಲ್ ಹೋಟೆಲ್' ಎಂಬ ಮೂರಂತಸ್ತಿನ ಕಟ್ಟಡವಿತ್ತು. ಹೆಸರಿಗೆ ಹೋಟೆಲ್, ವಾಸ್ತವದಲ್ಲಿ ಬಡವರ ವಸತಿಗೃಹ. 1920-30ರ ದಶಕಗಳಲ್ಲಿ ದುಡಿಮೆಯನ್ನರಸಿ ಬಂದಿದ್ದ ಫಿಲಿಪ್ಪೀನ್ಸಿನ ಪುರುಷರೂ ಕೆಲವು ಚೀನೀ ವೃದ್ಧರೂ ಅಲ್ಲಿ ನೆಲೆಸಿದ್ದರು. ಫಿಲಿಪ್ಪೀನ್ಸಿನಿಂದ ಹೆಂಗಸರು ವಲಸೆ ಬಂದದ್ದು ವಿರಳ. ಸಾಲದೆಂಬಂತೆ, ಫಿಲಿಪಿನೋಗಳು ಬಿಳಿಯರನ್ನು ವಿವಾಹವಾಗುವುದನ್ನು ಕ್ಯಾಲಿಫೋರ್ನಿಯದ ಕಾನೂನು 1933ರಲ್ಲಿ ನಿಷೇಧಿಸಿತು. ಅದು ತೊಲಗಿದ್ದು 1948ರಲ್ಲಿ. ಹೀಗಾಗಿ ಅನೇಕರು ಒಂಟಿಯಾಗಿಯೇ ಮುಪ್ಪಾದರು. ಪಕ್ಕದ ಕೋಣೆಯ ಗೆಳೆಯನೇ ಅವರಿಗೆ ಕುಟುಂಬ.

ನೆರೆಯ ವಾಣಿಜ್ಯ ಪ್ರದೇಶ ಬೆಳೆದಂತೆ ನೆಲದ ಬೆಲೆ ಏರಿತು. ಫಿಲಿಪಿನೋಗಳ 'ಮನಿಲಾಟೌನ್' ಕರಗುತ್ತ ಬಂತು. ವಾಹನ ನಿಲುಗಡೆಗೆ ಜಾಗ ಬೇಕೆಂದು 1968ರಲ್ಲಿ ಹೋಟೆಲಿನ ನಿವಾಸಿಗಳಿಗೂ ತೆರವಿನ ನೋಟಿಸು ಬಂತು. 1969ರಲ್ಲಿ ಬೆಂಕಿ ಬಿದ್ದು ಮೂವರು ಅಸುನೀಗಿದರು. ಆದರೂ ಹಿರಿಯರು ಕದಲಲಿಲ್ಲ. ವಿದ್ಯಾರ್ಥಿಗಳು ಬಂದು ಕಟ್ಟಡವನ್ನು ದುರಸ್ತಿಮಾಡಿದರು, ಅವರ ಜೊತೆ ನಿಂತರು. ತೆರವಿನ ಆದೇಶವನ್ನು ಜಾರಿಗೊಳಿಸಲು ಮೊದಲು ನಿರಾಕರಿಸಿದ ಷೆರಿಫ್ ರಿಚರ್ಡ್ ಹಾಂಗಿಸ್ಟೊ, ನ್ಯಾಯಾಂಗ ನಿಂದನೆಗಾಗಿ ತಾವೇ ಸೆರೆವಾಸ ಅನುಭವಿಸಿದರು. ಕಡೆಗೆ 1977ರ ಆಗಸ್ಟ್ 4ರ ನಸುಕಿನಲ್ಲಿ ಅವರ ನೇತೃತ್ವದಲ್ಲಿಯೇ ತೆರವು ನಡೆಯಿತು. ಸುಮಾರು 3,000 ಜನ ತೋಳಿಗೆ ತೋಳು ಬೆಸೆದು ಕಟ್ಟಡದ ಸುತ್ತ ಗೋಡೆಯಾಗಿ ನಿಂತಿದ್ದರು. ನೂರಾರು ಪೊಲೀಸರು ಆ ಗೋಡೆಯನ್ನು ಭೇದಿಸಿದರು. ಐವತ್ತರಷ್ಟು ಹಿರಿಯರು ಬೀದಿಪಾಲಾದರು. ಅನಂತರ ಕಟ್ಟಡ ನೆಲಸಮವಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಜಾಗದಲ್ಲಿ ಬಡವರ ಮನೆಗಳೇ ಏಳಬೇಕೆಂದು ಸೋತ ಜನ ಪಟ್ಟುಹಿಡಿದರು. ಎರಡು ದಶಕಗಳಿಗೂ ಮಿಕ್ಕಿ ಅಲ್ಲಿ ಉಳಿದದ್ದು ಬರಿಯ ಗುಂಡಿ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಥೋಲಿಕ ಮಹಾಧರ್ಮಕ್ಷೇತ್ರವು ಆ ನಿವೇಶನವನ್ನು ಕೊಂಡಿತು; ಒಂದು ಪಾಲು ಶಾಲೆಗೆ, ಇನ್ನೊಂದು ಪಾಲು ವಸತಿಗೆ ಮೀಸಲಾಯಿತು. ಸರ್ಕಾರದ ನೆರವಿನಿಂದ ನಿರ್ಮಿಸಿದ ನೂರಕ್ಕೂ ಹೆಚ್ಚು ಮನೆಗಳು, ಅದೇ ಹಳೆಯ ಹೆಸರಿನಲ್ಲಿ, 2005ರಲ್ಲಿ ಕಡಿಮೆ ಆದಾಯದ ಹಿರಿಯರಿಗೆ ಬಾಗಿಲು ತೆರೆದವು.

ಅಷ್ಟರಲ್ಲಿ ಇಪ್ಪತ್ತೆಂಟು ವರ್ಷಗಳು ಉರುಳಿದ್ದವು. ಹೊರಹಾಕಲ್ಪಟ್ಟವರಲ್ಲಿ ಬಹುಪಾಲು ಮಂದಿ ತೀರಿಹೋಗಿದ್ದರು. ನ್ಯಾಯ ಬಂತು; ಆದರೆ ಅವರ ಪಾಲಿಗೆ ಬರಲಿಲ್ಲ. ಇದನ್ನು ಮರೆತು ಜಯವೆಂದಷ್ಟೇ ಸಾರುವುದು ಸಲ್ಲದು. ಆ ಗುಂಡಿಯನ್ನು ಮರೆಯದೆ ಕಾದವರ ತಾಳ್ಮೆಯನ್ನು ಅಲ್ಲಗಳೆಯುವುದೂ ಸಲ್ಲದು.

ನಮ್ಮಲ್ಲಿಯೂ ಕೆಲವರು ಬಾಡಿಗೆಗೆ ಇರುವವರು, ಕೆಲವರು ಬಾಡಿಗೆಗೆ ಕೊಡುವವರು. ಪೂರ್ವಜರ ನೆನಪು ನಾಬೋತನ ತೋಟಕ್ಕೆ ಬೆಲೆ ಕಟ್ಟಲಾಗದಂತೆ ಮಾಡಿತು. ಒಂದು ಕೋಣೆಯಲ್ಲಿ ಸವೆದ ಬದುಕಿಗೆ ಅಂಥ ಬೆಲೆ ಇಲ್ಲವೇ? ಆ ಬದುಕು ಮುಗಿಯುವ ಮುನ್ನವೇ ನಾವು ಉತ್ತರಿಸಬೇಕಾದ ಪ್ರಶ್ನೆ ಇದು.